ಸಸ್ಯಕಾಶಿಯ ಹೊರನಾಡಿಗ: ಜಿ. ಎಚ್. ಕೃಂಬಿಗಲ್

ಮುಂಬಯಿಯಲ್ಲಿ ಲಾಲ್‌ಬಾಗ್ ಎಂದರೆ ಕರಿರೋಡ್ ಸ್ಟೇಷನ್ನಿನ ಹತ್ತಿರದ ಹಳೆಯ ಗಿರಣಿಗಳ ಪ್ರದೇಶ. ಗಣೇಶೋತ್ಸವದ ದಿನಗಳಲ್ಲಿ ಕಾಲಿಡಲು ಸ್ಥಳವಿಲ್ಲದಂತೆ ಜನ ನೆರೆಯುವ ಜಾಗ. ಬೆಂಗಳೂರಿನ ಲಾಲ್‌ಬಾಗ್ ಬೇರೆ. ಅಲ್ಲಿ ಜನ ಸೇರುವುದು ಹೂವು ನೋಡುವುದಕ್ಕೆ, ಮರದ ನೆರಳಿನಲ್ಲಿ ಒಂದು ಗಳಿಗೆ ಕುಳಿತುಕೊಳ್ಳುವುದಕ್ಕೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮೊದಲನೆಯ ಲಾಲ್‌ಬಾಗ್ ಚೆನ್ನಾಗಿ ಗೊತ್ತು. ಎರಡನೆಯದನ್ನು ಬೇಸಗೆಯ ರಜೆಯಲ್ಲಿ ಒಂದು ಸಲ ಕಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಎರಡನೆಯ ಲಾಲ್‌ಬಾಗನ್ನು 24 ವರ್ಷ ಕಾಲ ನೋಡಿಕೊಂಡ, ಕನ್ನಡ ನಾಡಿನಲ್ಲಿ ಹುಟ್ಟದಿದ್ದರೂ ಕನ್ನಡ ನಾಡಿನ ಮಣ್ಣಿನಲ್ಲಿಯೇ ಮಣ್ಣಾದ ಒಬ್ಬ ಹಿರಿಯರ ಜೀವನವನ್ನು ಈ ರಾಜ್ಯೋತ್ಸವದ ಸಂಚಿಕೆಯ ಓದುಗರ ಮುಂದೆ ಇಡಲು ಇಚ್ಛಿಸುತ್ತೇನೆ. ಅವರೇ ಗುಸ್ತಾವ್ ಹೆರ್ಮನ್ ಕೃಂಬಿಗಲ್.

ಬ್ಯಾಂಕಿನ ಗುಮಾಸ್ತನಿಗೆ ಸಸ್ಯಶಾಸ್ತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವುಂಟು. ಧಾರವಾಡದ ಕಡೆಯ ನಮ್ಮ ಊರಿನಲ್ಲಿ ತಂದೆಯವರಿಗೆ ಎರಡು ಎಕರೆ ಹೊಲ. ನನಗೆ ನೌಕರಿ ಸಿಕ್ಕಿದ ಹೊಸದರಲ್ಲಿ ನಾನು ಕಳಿಸಿದ ಹಣದಿಂದ ಅವರು 40 ಆಪೂಸು ಮಾವಿನ ಕಸಿಗಿಡಗಳನ್ನು ಕೊಂಡು ನೆಟ್ಟರು. ಗಿಡ ಮಾರಿದವನು ಊರೂರು ತಿರುಗುವವನು. ಬೆಲೆ ಕಡಿಮೆ, ಮಾತು ಹೆಚ್ಚು. ತಂದೆಯವರು ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತರು, ದನ ಬಾಯಿಹಾಕದಂತೆ ಮುಳ್ಳು ಕಟ್ಟಿದರು, ಬೇಸಗೆಯಲ್ಲಿ ಚಪ್ಪರ ಹಾಕಿ ನೆರಳು ಮಾಡಿದರು. ಆರನೆಯ ವರ್ಷ ಹಣ್ಣು ಬಂದಾಗ ನೋಡುತ್ತೇವೆ, 40ರಲ್ಲಿ ಆಪೂಸು 9 ಮಾತ್ರ. ಉಳಿದವುಗಳಲ್ಲಿ ಕೆಲವು ನಾರು, ಕೆಲವು ಹುಳಿ, ಕೆಲವಕ್ಕೆ ಹೆಸರೇ ಇಲ್ಲ. ಮಾರಿದವನನ್ನು ಎಲ್ಲಿ ಹುಡುಕುವುದು? ರಸೀದಿಯಿಲ್ಲ, ಗಿಡಕ್ಕೆ ಚೀಟಿಯಿಲ್ಲ, ತಾಯಿಮರ ಯಾವುದೆಂಬ ಸುಳಿವಿಲ್ಲ. ತಂದೆಯವರು ಏನೂ ಹೇಳಲಿಲ್ಲ. ಹಣ ಹೋದರೆ ಮತ್ತೆ ಕೂಡಿಸಬಹುದು. ಅರವತ್ತು ದಾಟಿದವರ ಆರು ವರ್ಷಗಳನ್ನು ಯಾವ ಖಾತೆಗೆ ಜಮಾ ಮಾಡುವುದು?

ಅಂದಿನಿಂದ ನನಗೆ ಒಂದು ಹಟ ಹಿಡಿಯಿತು. ಗಿಡಗಳ ವಿಷಯದಲ್ಲಿ ನಂಬತಕ್ಕ ಮಾತು ಎಲ್ಲಿ ಸಿಗುತ್ತದೆ ಎಂದು ಹುಡುಕತೊಡಗಿದೆ. ಮಾತಿಗೇನೂ ಬರವಿರಲಿಲ್ಲ. ನೆರೆಹೊರೆಯವರು ಒಂದು ಹೇಳಿದರು, ಬೀದಿಯಲ್ಲಿ ಕೊಂಡ ಪುಸ್ತಿಕೆ ಇನ್ನೊಂದು ಹೇಳಿತು, ಮೊಬೈಲಿನ ಚಿತ್ರಗಳು ಹತ್ತು ಹೇಳಿದವು. ಆದರೆ ಹೇಳಿದ್ದಕ್ಕೆ ಆಧಾರವೇನು, ಯಾರು ಯಾವ ಮಣ್ಣಿನಲ್ಲಿ ಎಷ್ಟು ವರ್ಷ ಮಾಡಿ ನೋಡಿದರು ಎಂದು ಹೇಳಿದವರು ಕಡಿಮೆ. ಬ್ಯಾಂಕಿನಲ್ಲಿ ಓಚರ್ ಇಲ್ಲದೆ ಒಂದು ರೂಪಾಯಿಯೂ ಪುಸ್ತಕಕ್ಕೆ ಏರುವುದಿಲ್ಲ. ಗಿಡಕ್ಕೂ ಓಚರ್ ಇರುವ ಜಾಗ ಎಲ್ಲಾದರೂ ಉಂಟೋ ಎಂದು ಹುಡುಕುತ್ತ ಒಂದು ರಜೆಯಲ್ಲಿ ಲಾಲ್‌ಬಾಗಿಗೆ ಹೋದೆ. ತೋಟದ ಪಕ್ಕದ ರಸ್ತೆಯ ಫಲಕದ ಮೇಲೆ ಕೃಂಬಿಗಲ್ ಎಂಬ ಹೆಸರಿತ್ತು. ಅಲ್ಲಿಂದ ಈ ಕಥೆ ಮೊದಲಾಯಿತು.

ಬಾಲ್ಯ ಮತ್ತು ಶಿಕ್ಷಣ

ಕೃಂಬಿಗಲ್ ಅವರು ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಡ್ರೆಸ್ಡೆನ್ ನಗರದ ಹತ್ತಿರದ ಲೋಹ್ಮೆನ್ ಎಂಬ ಊರಿನಲ್ಲಿ 1865ನೆಯ ಇಸವಿ ಡಿಸೆಂಬರ್ 18ರಂದು ಜನಿಸಿದರು. ಅಲ್ಲಿಯ ಸುತ್ತಮುತ್ತ ಶಾಲೆ ಕಲಿತು, ಪಿಲ್‌ನಿಟ್ಸ್ ಎಂಬಲ್ಲಿ ತೋಟಗಾರಿಕೆಯ ಶಿಕ್ಷಣ ಪಡೆದರು. ಕೆಲಕಾಲ ಹ್ಯಾಂಬರ್ಗ್ ನಗರದಲ್ಲಿ ಉದ್ಯಾನಗಳ ಕೆಲಸ ಮಾಡಿದರು.

ತೋಟಗಾರಿಕೆ ಕಲಿಯುವ ತರುಣರಿಗೆಲ್ಲ ಆಗ ಲಂಡನ್ನಿನ ಕ್ಯೂ ಉದ್ಯಾನವೇ ಕಾಶಿ. ಭೂಮಂಡಲದ ನಾನಾ ಭಾಗಗಳಿಂದ ಗಿಡ, ಬೀಜ, ಒಣಗಿಸಿದ ಮಾದರಿ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಬಂದದ್ದಕ್ಕೆಲ್ಲ ಹೆಸರು, ಸ್ಥಳ, ತಾರೀಖು, ತಂದವರ ಹೆಸರು ಬರೆದು ಇಡುವ ಕ್ರಮ ಅಲ್ಲಿತ್ತು. ಗಿಡದ ಹೆಸರಿನ ಬಗ್ಗೆ ಎಲ್ಲಿ ವಿವಾದ ಬಂದರೂ ಕ್ಯೂವಿನ ಮಾದರಿಯನ್ನು ತೆಗೆದು ನೋಡುವುದು ವಾಡಿಕೆಯಾಗಿತ್ತು. ಅಲ್ಲಿ ಸೇರಬೇಕೆಂದು ಕೃಂಬಿಗಲ್ ಅವರು ಅರ್ಜಿ ಹಾಕಿದರು. ಮೊದಲಿಗೆ ಅವಕಾಶ ದೊರೆಯಲಿಲ್ಲ. ಅವರು ಎದೆಗುಂದದೆ ಇಂಗ್ಲೆಂಡಿಗೇ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ರಚಿಸುವ ಕೆಲಸಕ್ಕೆ ನಿಂತರು. ಕೆಲಸ ಮಾಡಿ ತೋರಿಸಿದ ಮೇಲೆ ಕ್ಯೂವಿನ ಬಾಗಿಲೂ ತೆರೆಯಿತು. ಮುಂದೆ ಅವರ ಬಾಳಸಂಗಾತಿಯಾದ ಕೇಟಿ ಕ್ಲಾರಾ ಅವರ ಪರಿಚಯವಾದದ್ದೂ ಲಂಡನ್ನಿನಲ್ಲಿಯೇ.

ಪರಊರಿಗೆ ಬಂದು, ಬೇಕಾದ ಕೆಲಸ ಸಿಗದೆ, ಸಿಕ್ಕಿದ ಕೆಲಸ ಹಿಡಿದು, ಅದರಲ್ಲಿಯೇ ಹೆಸರು ಮಾಡಿ ಮೇಲೆ ಬಂದ ಈ ಕಥೆ ಮುಂಬಯಿಯ ಕನ್ನಡಿಗರಿಗೆ ಹೊಸದೇನೂ ಅಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿ ಶಾಲೆ ಕಲಿತವರ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಬಡೋದೆಯ ದಿನಗಳು

1893ರಲ್ಲಿ ಬಡೋದೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸಂಸ್ಥಾನದಲ್ಲಿ ಸಸ್ಯೋದ್ಯಾನಗಳ ಮೇಲ್ವಿಚಾರಕರಾಗಿ ಕೃಂಬಿಗಲ್ ಅವರು ಹಿಂದೂಸ್ಥಾನಕ್ಕೆ ಬಂದರು. ಆಗ ಅವರಿಗೆ 27 ವರ್ಷ. ನಮ್ಮ ಬೋರಿವಲಿಯಲ್ಲಿ ಗಾಡಿ ಹತ್ತಿದರೆ ಬೆಳಗಾಗುವುದರೊಳಗೆ ತಲಪುವ ಆ ಊರಿನಲ್ಲಿ ಅವರು ಸುಮಾರು 14 ವರ್ಷ ಸೇವೆ ಮಾಡಿದರು. ಅರಮನೆಯ ತೋಟಗಳ ಕೆಲಸವಲ್ಲದೆ, ಉದಕಮಂಡಲದಲ್ಲಿ ಮಹಾರಾಜರಿಗಿದ್ದ ಬೇಸಗೆಯ ಬಿಡಾರದ ಉದ್ಯಾನವನ್ನೂ ನೋಡಿಕೊಂಡರೆಂದು ತಿಳಿದುಬರುತ್ತದೆ.

ಯುರೋಪಿನಲ್ಲಿ ಕಲಿತ ವಿದ್ಯೆಗೆ ಪರೀಕ್ಷೆಯಾದದ್ದು ಇಲ್ಲಿ. ಗುಜರಾತಿನ ಸುಡುಬಿಸಿಲಿಗೂ ನೀಲಗಿರಿಯ ಚಳಿಗೂ ಒಂದೇ ಪುಸ್ತಕ ಸಾಲದು. ಬಿತ್ತುವ ಕಾಲ, ಸವರುವ ಕಾಲ, ಕಸಿ ಕಟ್ಟುವ ಕಾಲ ಎಲ್ಲವನ್ನೂ ಆಯಾ ಊರಿನ ಮಳೆಬಿಸಿಲು ನೋಡಿ ಹೊಸದಾಗಿ ಗೊತ್ತುಮಾಡಿಕೊಳ್ಳಬೇಕು. ಪುಸ್ತಕವೂ ಬೇಕು, ಮಣ್ಣಿನಲ್ಲಿ ಮಾಡಿ ನೋಡುವುದೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಮೋಸಹೋಗುತ್ತೇವೆ.

ಲಾಲ್‌ಬಾಗಿಗೆ ಆಗಮನ

ಹೈದರಾಲಿಯು 1760ರ ಸುಮಾರಿಗೆ ಆರಂಭಿಸಿ ಟಿಪ್ಪು ಸುಲ್ತಾನನು ಬೆಳೆಸಿದ ಲಾಲ್‌ಬಾಗ್ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಅದನ್ನು ನೋಡಿಕೊಂಡವರು ಕ್ಯೂವಿನಲ್ಲಿಯೇ ತರಬೇತಿ ಪಡೆದ ಜಾನ್ ಕ್ಯಾಮೆರಾನ್ ಅವರು. ಗಾಜಿನಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದದ್ದು ಅವರ ಕಾಲದಲ್ಲಿ. ಮಾಟುಂಗದ ಮಾರ್ಕೆಟ್ಟಿನಲ್ಲಿ ನಾವು ಕೊಳ್ಳುವ ಸೀಮೆಬದನೆಕಾಯಿಯನ್ನು ಬೆಂಗಳೂರಿಗೆ ತಂದ ಕೀರ್ತಿಯೂ ಅವರದೆಂದು ಹೇಳುತ್ತಾರೆ. ತಮಿಳರು ಇಂದಿಗೂ ಅದನ್ನು ಬೆಂಗಳೂರು ಬದನೆ ಎಂದೇ ಕರೆಯುವರು. ಅದರ ಬೀಜವನ್ನು ಬೇರೆ ತೆಗೆದು ಬಿತ್ತುವ ಹಾಗಿಲ್ಲ. ಕಾಯಿಯೊಳಗೇ ಬೀಜ ಮೊಳೆಯುವುದರಿಂದ ಇಡೀ ಕಾಯಿಯನ್ನೇ ನೆಡಬೇಕು. ಇಂಥ ಸಣ್ಣ ಸಂಗತಿ ತಿಳಿಯದಿದ್ದರೆ ಎಷ್ಟು ಬೀಜ ತಂದರೂ ಬಳ್ಳಿ ಏಳುವುದಿಲ್ಲ. ಕ್ಯಾಮೆರಾನ್ ಅವರು ಮಾಡಿದ ಇನ್ನೊಂದು ಉಪಕಾರ, ಬೆಂಗಳೂರಿನ ಉದ್ಯಾನದಲ್ಲಿಯೂ ಅದರ ಸುತ್ತಮುತ್ತಲೂ ಇದ್ದ ಗಿಡಮರಗಳ ಪಟ್ಟಿಯನ್ನು ಅಚ್ಚುಹಾಕಿಸಿದ್ದು. ಅದರ ಎರಡನೆಯ ಆವೃತ್ತಿ 1891ರಲ್ಲಿ ಬಂತು. ಇಂದಿಗೂ ಒಂದು ಮರ ಬೆಂಗಳೂರಿಗೆ ಯಾವಾಗ ಬಂದಿತೆಂದು ಅರಿಯಬೇಕಾದರೆ ವಿದ್ವಾಂಸರು ಆ ಪಟ್ಟಿಯನ್ನು ತಿರುವಿಹಾಕುತ್ತಾರೆ.

ಕ್ಯಾಮೆರಾನ್ ಅವರು ನಿವೃತ್ತರಾದಾಗ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಬಡೋದೆಯಲ್ಲಿದ್ದ ಕೃಂಬಿಗಲ್ ಅವರನ್ನು ಬರಮಾಡಿಕೊಂಡರು. 1908ರಲ್ಲಿ ಅವರು ಲಾಲ್‌ಬಾಗಿನ ಹೊಣೆ ಹೊತ್ತರು. ಸರಕಾರಿ ತೋಟಗಳ ಅಧೀಕ್ಷಕರೆಂಬುದು ಅವರ ಒಂದು ಪದವಿ. ಆರ್ಥಿಕ ಸಸ್ಯಶಾಸ್ತ್ರಜ್ಞರೆಂಬುದು ಇನ್ನೊಂದು. ಎರಡನೆಯ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೋಡಲು ಚೆಂದವಾದ ಹೂಗಿಡ ಬೆಳೆಸುವುದಷ್ಟೇ ಉದ್ಯಾನದ ಕೆಲಸವಲ್ಲ. ಹಣ್ಣು, ಕಾಯಿಪಲ್ಯ, ಮೇವು, ನಾರು, ಎಣ್ಣೆ, ಮದ್ದು ಇವುಗಳಲ್ಲಿ ಯಾವುದು ಜನರಿಗೆ ಉಪಯೋಗವಾದೀತೋ ಅದನ್ನು ಹೊರಗಿನಿಂದ ತರಿಸಿ, ಇಲ್ಲಿಯ ನೆಲದಲ್ಲಿ ಬೆಳೆಸಿ ನೋಡಿ, ಒಗ್ಗುವುದೆಂದು ಖಚಿತವಾದ ಮೇಲೆ ರೈತನ ಕೈಗೆ ಕೊಡುವುದು ಆ ಪದವಿಯ ಧರ್ಮ. ಮೋಸಹೋಗುವ ಸಂಭವವಿದ್ದರೆ ಸರಕಾರದ ತೋಟ ಮೋಸಹೋಗಲಿ, ಬಡರೈತ ಹೋಗದಿರಲಿ ಎಂಬುದು ಅದರ ಒಳಗಿನ ಅರ್ಥ.

ಮೂಲ ಬರೆದಿಟ್ಟ ಗಿಡ

ಈ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ನೋಡಿದರೆ ನನ್ನಂಥ ಲೆಕ್ಕದವನಿಗೆ ಬಹಳ ಸಂತೋಷವಾಗುತ್ತದೆ. ಅಂದಿನ ದೊಡ್ಡ ಉದ್ಯಾನಗಳು ತಮ್ಮತಮ್ಮಲ್ಲಿ ಬೀಜ ಮತ್ತು ಸಸಿಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದವು. ನಮ್ಮಲ್ಲಿ ಇರುವುದನ್ನು ನಿಮಗೆ ಕಳಿಸುತ್ತೇವೆ, ನಿಮ್ಮಲ್ಲಿ ಇರುವುದನ್ನು ನಮಗೆ ಕಳಿಸಿ ಎಂಬ ವ್ಯವಹಾರ ಅದು. ಕೃಂಬಿಗಲ್ ಅವರು ಈ ವಿನಿಮಯವನ್ನು ಬಹಳವಾಗಿ ಬೆಳೆಸಿದರು. ಅಮೆರಿಕದ ಕೃಷಿ ಇಲಾಖೆಯವರು 1898ರಿಂದ ತಮ್ಮ ದೇಶಕ್ಕೆ ಹೊರಗಿನಿಂದ ಬಂದ ಬೀಜ ಮತ್ತು ಗಿಡಗಳ ದಾಖಲೆ ಇಡುತ್ತ ಬಂದು, ಅದನ್ನು ಪುಸ್ತಕಗಳಾಗಿ ಪ್ರಕಟಿಸುತ್ತಿದ್ದರು. ಒಂದೊಂದು ಬಾಬಿಗೂ ಒಂದೊಂದು ಅಂಕಿ. ಅದರ ಮುಂದೆ ಗಿಡದ ಶಾಸ್ತ್ರೀಯ ಹೆಸರು, ಬಂದ ಊರು, ಕಳಿಸಿದವರು, ಮುಟ್ಟಿದ ದಿನ. ಆ ಪುಟಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನಿಂದ ಕೃಂಬಿಗಲ್ ಅವರು ಕಳಿಸಿದ ಬೀಜಗಳೂ ದಾಖಲಾಗಿವೆ. ಆ ದಾಖಲೆ ಇರುವವರೆಗೆ ಆ ಬೀಜ ಅನಾಥವಲ್ಲ. ಅದರ ಮೊಮ್ಮಕ್ಕಳಾದ ಗಿಡಗಳು ಎಲ್ಲಿ ಬೆಳೆದರೂ ತೌರುಮನೆ ಬೆಂಗಳೂರೆಂದು ಹೇಳಿಕೊಳ್ಳಬಹುದು.

ಇದೇನು ಮಹಾ ಸಂಗತಿ ಎನ್ನುವವರು ಮಾವಿನ ಗೊರಟೆಯನ್ನು ನೆನೆಯಬೇಕು. ಸಿಹಿಯಾದ ಆಪೂಸು ಹಣ್ಣಿನ ಗೊರಟೆ ನೆಟ್ಟರೆ ಅದೇ ಹಣ್ಣು ಬರುತ್ತದೆಂಬ ಭರವಸೆಯಿಲ್ಲ. ಆಪೂಸಿನ ಗೊರಟೆಯೊಳಗೆ ಇರುವುದು ಒಂದೇ ಭ್ರೂಣ. ಅದಕ್ಕೆ ತಾಯಿ ಈ ಮರವಾದರೂ ಪರಾಗ ಕೊಟ್ಟ ತಂದೆ ಯಾವ ಮರವೋ ಗೊತ್ತಿಲ್ಲ. ಪಶ್ಚಿಮ ಕರಾವಳಿಯ ಒಲೂರು, ಬಪ್ಪಕಾಯಿ ಮೊದಲಾದ ಜಾತಿಗಳ ರೀತಿ ಬೇರೆ. ಅವುಗಳ ಗೊರಟೆಯಲ್ಲಿ ಹಲವು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿದವಾದ್ದರಿಂದ ಸಸಿಗಳು ತಾಯಿಯನ್ನೇ ಹೋಲುತ್ತವೆ. ಆದ್ದರಿಂದ ಇವು ಬೇರುಸಸಿಗೆ ಒಳ್ಳೆಯವು. ಆಪೂಸಿಗಾದರೋ ಕಸಿಯೇ ದಾರಿ. ನೆಲದಲ್ಲಿ ಬೇರುಬಿಟ್ಟ ಒಂದು ಸಸಿಗೆ ಒಳ್ಳೆಯ ತಾಯಿಮರದ ಕಡ್ಡಿಯನ್ನು ಹೊಂದಿಸಿ ಕಟ್ಟಿದರೆ, ಕೆಳಗಿನ ಬೇರು ಮೇಲಿನ ಕಡ್ಡಿಯನ್ನು ಸಾಕುತ್ತದೆ. ಕಡ್ಡಿಯು ತನ್ನ ತಾಯಿಯ ಹಣ್ಣನ್ನೇ ಕೊಡುತ್ತದೆ.

ಇದೊಂದು ಜಂಟಿ ಖಾತೆ ಇದ್ದಂತೆ. ಇಬ್ಬರೂ ಬದುಕಿದ್ದರೆ ವ್ಯವಹಾರ ಸುಸೂತ್ರ. ಮೇಲಿನ ಕಡ್ಡಿ ಒಣಗಿ ಸತ್ತರೆ ಕೆಳಗಿನ ಬೇರುಸಸಿ ತಾನೇ ಚಿಗುರಿ ಖಾತೆಯನ್ನೆಲ್ಲ ವಶಮಾಡಿಕೊಳ್ಳುತ್ತದೆ. ನೋಡುವವರಿಗೆ ಗಿಡ ಹಸಿರಾಗಿಯೇ ಇರುತ್ತದೆ. ಆರು ವರ್ಷದ ಮೇಲೆ ಹುಳಿ ಹಣ್ಣು ಬಂದಾಗ ನಿಜ ಹೊರಬೀಳುತ್ತದೆ. ಕಸಿಯ ಗಂಟಿನ ಕೆಳಗೆ ಬಂದ ಚಿಗುರನ್ನು ಆಗಾಗ ಕಿತ್ತುಹಾಕಬೇಕೆಂದು ನಮ್ಮ ತಂದೆಯವರಿಗೆ ಹೇಳಿದವರಿಲ್ಲ. ಕೆಲವು ಗಿಡಗಳು ಹೀಗೆ ಕೆಟ್ಟಿರಬಹುದು, ಕೆಲವು ಮೊದಲೇ ಸುಳ್ಳಾಗಿದ್ದಿರಬಹುದು. ಈಗ ಎರಡನ್ನೂ ಬೇರ್ಪಡಿಸಿ ಹೇಳಲು ಬರುವಂತಿಲ್ಲ; ಏಕೆಂದರೆ ದಾಖಲೆಯಿಲ್ಲ. ಎಳೆಯ ಗಿಡದಲ್ಲಿ ಸತ್ಯ ಯಾವುದು, ಸುಳ್ಳು ಯಾವುದು ಎಂದು ಎಲೆ ನೋಡಿ ಸಾಮಾನ್ಯರು ಹೇಳಲಾರರು. ಆದ್ದರಿಂದಲೇ ತೋಟಗಾರಿಕೆಯಲ್ಲಿ ಕೊಡುವವರ ಪ್ರಾಮಾಣಿಕತೆ ಮತ್ತು ಅವರಿಟ್ಟ ದಾಖಲೆ ಇವೆರಡೇ ಕೊಳ್ಳುವವನಿಗೆ ಆಧಾರ.

ವಿದ್ಯೆಯನ್ನು ಹಂಚಿದ್ದು

ಕೃಂಬಿಗಲ್ ಅವರು ತಿಳಿದದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಆರಂಭವಾಯಿತು. ಸರಕಾರದ ಅಧಿಕಾರಿಗಳೂ ಮನೆಯಂಗಳದಲ್ಲಿ ಗುಲಾಬಿ ಬೆಳೆಸುವವರೂ ಒಂದೇ ಕಡೆ ಸೇರುವುದಕ್ಕೆ ಅದು ವೇದಿಕೆಯಾಯಿತು. ಗಾಜಿನಮನೆಯ ಫಲಪುಷ್ಪ ಪ್ರದರ್ಶನವನ್ನು ನಾವು ಇಂದು ಸಂಭ್ರಮವೆಂದು ನೋಡುತ್ತೇವೆ; ಒಂದೇ ಜಾತಿಯ ಹಣ್ಣನ್ನು ಹತ್ತು ಕಡೆಯಿಂದ ತಂದು ಒಂದೇ ಮೇಜಿನ ಮೇಲೆ, ಹೆಸರಿನ ಚೀಟಿಯೊಡನೆ, ಎಲ್ಲರ ಕಣ್ಣೆದುರಿಗೆ ಇಡುವುದು ಒಂದು ಪರೀಕ್ಷೆಯೂ ಹೌದು. ಸುಳ್ಳು ಹೆಸರು ಅಲ್ಲಿ ಬಹಳ ಹೊತ್ತು ನಿಲ್ಲಲಾರದು.

ಅವರ ಕೈಕೆಳಗೆ ಕೆಲಸ ಕಲಿತವರಲ್ಲಿ ಎಚ್. ಸಿ. ಜವರಾಯ ಅವರು ಪ್ರಮುಖರು. 1932ರಲ್ಲಿ ಕೃಂಬಿಗಲ್ ಅವರು ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದವರು ಜವರಾಯರೇ. ಅವರ ತರುವಾಯದ ಪೀಳಿಗೆಯಲ್ಲಿ ಡಾ. ಎಂ. ಎಚ್. ಮರಿಗೌಡರು ಕ್ಯೂವಿನಲ್ಲಿ ತರಬೇತಿಯನ್ನೂ ಅಮೆರಿಕದ ಹಾರ್ವರ್ಡಿನಲ್ಲಿ ಡಾಕ್ಟರೇಟನ್ನೂ ಪಡೆದು ಬಂದು, ನಾಡಿನ ಊರೂರುಗಳಲ್ಲಿ ಸರಕಾರಿ ತೋಟಗಳನ್ನೂ ಸಸ್ಯಕ್ಷೇತ್ರಗಳನ್ನೂ ಸ್ಥಾಪಿಸಿದರು. ತಾಯಿಮರವನ್ನು ಕಣ್ಣಾರೆ ಕಂಡು ಕಸಿಗಿಡ ಕೊಳ್ಳುವ ಭಾಗ್ಯ ಸಾಮಾನ್ಯ ರೈತನಿಗೆ ದೊರೆತದ್ದು ಹೀಗೆ. ಕ್ಯಾಮೆರಾನ್, ಕೃಂಬಿಗಲ್, ಜವರಾಯ, ಮರಿಗೌಡ ಎಂಬ ಈ ನಾಲ್ಕು ಹೆಸರುಗಳನ್ನು ಒಂದರ ಮೇಲೊಂದು ಕಟ್ಟಿದ ಕಸಿಯೆಂದೇ ಹೇಳಬಹುದು.

ಹೂವಿನ ಸಾಲು

ಬೆಂಗಳೂರಿನ ಬೀದಿಗಳಲ್ಲಿ ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಆಯುವ ಕಲ್ಪನೆಯು ಕೃಂಬಿಗಲ್ ಅವರ ಹೆಸರಿನೊಡನೆಯೇ ಸೇರಿಹೋಗಿದೆ. ವರ್ಷದ ಮೊದಲಿಗೆ ಗುಲಾಬಿ ಬಣ್ಣದ ಟಬೂಬಿಯ, ಅನಂತರ ಅದರ ಹಳದಿ ಬಣ್ಣದ ದಾಯಾದಿ, ಆಮೇಲೆ ನೀಲಿ ಜಕರಂಡ, ಬೇಸಗೆ ಏರಿದಾಗ ಕೆಂಪು ಗುಲ್‌ಮೊಹರ್. ಮೊದಲ ಮೂರು ಅಮೆರಿಕ ಖಂಡಗಳ ಉಷ್ಣಪ್ರದೇಶದವು. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಬೆಂಗಳೂರಿನವರು ಇವನ್ನು ಪರದೇಶದವೆಂದು ಎಣಿಸುವುದಿಲ್ಲ. ಮುಂಬಯಿಯಲ್ಲಿಯೂ ವಿಕ್ರೋಲಿಯ ಹತ್ತಿರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಎರಡೂ ಬದಿಗೆ ಅದೇ ಗುಲಾಬಿ ಟಬೂಬಿಯ ಅರಳುತ್ತದೆ. ಇಲ್ಲಿಯವರು ಅದನ್ನು ವಸಂತರಾಣಿ ಎಂದು ಕರೆದು ತಮ್ಮದಾಗಿಸಿಕೊಂಡಿದ್ದಾರೆ. ಬಸ್ಸಿನ ಕಿಟಕಿಯಿಂದ ಅದನ್ನು ಕಾಣುವಾಗಲೆಲ್ಲ ನನಗೆ ಬೆಂಗಳೂರಿನ ನೆನಪಾಗುತ್ತದೆ.

ಕನ್ನಂಬಾಡಿಯ ಅಣೆಕಟ್ಟಿನ ಕೆಳಗಿನ ಬೃಂದಾವನವನ್ನು ಕಾಣದ ಕನ್ನಡಿಗರು ವಿರಳ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1927ರಿಂದ 1932ರವರೆಗೆ ಅದು ರೂಪುಗೊಂಡಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ತೋಟದ ವಿನ್ಯಾಸ ಕೃಂಬಿಗಲ್ ಅವರದು. ನಿವೃತ್ತಿಗೆ ಮುಂಚಿನ ಅವರ ಕೊನೆಯ ದೊಡ್ಡ ಕೆಲಸ ಅದೇ ಎನ್ನಬಹುದು. ಆಮೇಲೆಯೂ ಅವರು ತಮ್ಮ ಹುಟ್ಟೂರಿಗೆ ಹಿಂದಿರುಗಲಿಲ್ಲ. ಬೆಂಗಳೂರಿನಲ್ಲಿಯೇ ಉಳಿದು, ಕಟ್ಟಡ ಮತ್ತು ಉದ್ಯಾನಗಳ ವಿಷಯದಲ್ಲಿ ಸಲಹೆ ಕೊಡುತ್ತಿದ್ದರು.

ಕಷ್ಟಕಾಲ

ಎರಡನೆಯ ಮಹಾಯುದ್ಧ ಆರಂಭವಾದಾಗ ಈ ದೇಶದಲ್ಲಿದ್ದ ಜರ್ಮನರನ್ನೆಲ್ಲ ಬ್ರಿಟಿಷ್ ಸರಕಾರ ಶತ್ರುದೇಶದವರೆಂದು ಎಣಿಸಿತು. ಕೃಂಬಿಗಲ್ ಅವರನ್ನೂ ಬಂಧನ ಶಿಬಿರದಲ್ಲಿ ಇರಿಸಲಾಯಿತು. ಆಗ ಅವರ ವಯಸ್ಸು 70 ದಾಟಿತ್ತು. ಅವರು ಈ ನೆಲಕ್ಕೆ ಬಂದು 46 ವರ್ಷಗಳಾಗಿದ್ದವು. ಜರ್ಮನಿಯಲ್ಲಿ ಕಳೆದದ್ದಕ್ಕಿಂತ ಹೆಚ್ಚಿನ ಕಾಲವನ್ನು ಅವರು ಇಲ್ಲಿ ಕಳೆದಿದ್ದರು. ತಾವೇ ನೆಡಿಸಿದ ಮರಗಳು ನಗರದ ಬೀದಿಯಲ್ಲಿ ಎಲ್ಲರಿಗೂ ನೆರಳು ಕೊಡುತ್ತಿರುವಾಗ, ನೆಟ್ಟವರು ಮಾತ್ರ ಪರಕೀಯರಾಗಿ ಕಾವಲಿನಲ್ಲಿ ಕುಳಿತರು.

ಈ ಭಾಗವನ್ನು ಓದುವಾಗ ನನ್ನ ಮನಸ್ಸು ಬಹಳ ಹೊತ್ತು ಅಲ್ಲಿಯೇ ನಿಂತುಬಿಟ್ಟಿತು. ಒಂದು ಗಿಡದ ಮೂಲ ಯಾವುದೆಂದು ಕೃಂಬಿಗಲ್ ಅವರೂ ಜೀವಮಾನವಿಡೀ ವಿಚಾರಿಸಿದವರೇ. ಆದರೆ ಹೊರಗಿನದನ್ನು ಹೊರಗೆ ಹಾಕುವುದಕ್ಕಾಗಿ ಅವರು ಮೂಲ ವಿಚಾರಿಸಲಿಲ್ಲ. ಎಂಥ ಮಣ್ಣಿನಿಂದ ಬಂತು, ಎಷ್ಟು ನೀರು ಬೇಕು, ಯಾವ ನೆರಳು ಬೇಕು ಎಂದು ತಿಳಿದು ಇಲ್ಲಿ ಚೆನ್ನಾಗಿ ಬದುಕಿಸುವುದಕ್ಕಾಗಿ ವಿಚಾರಿಸಿದರು. ಮೂಲ ಕೇಳುವುದು ಒಂದೇ ಆದರೂ, ಕೇಳುವ ಮನಸ್ಸಿನಲ್ಲಿ ಇಷ್ಟು ವ್ಯತ್ಯಾಸವುಂಟು. ಯಾವ ಊರು, ಯಾವ ಭಾಷೆ ಎಂಬ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಎದುರಿಸಿದ ನಮ್ಮಂಥ ಹೊರನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹುಟ್ಟಿದ ಊರನ್ನು ಮರೆಮಾಚಬೇಕಾದ್ದಿಲ್ಲ. ಬಂದ ಊರಿನಲ್ಲಿ ಹಣ್ಣುಕೊಡದೆ ನಿಲ್ಲಬೇಕಾದ್ದೂ ಇಲ್ಲ.

ಕೊನೆಯ ದಿನಗಳು

ಯುದ್ಧ ಮುಗಿಯಿತು, ದೇಶಕ್ಕೆ ಸ್ವಾತಂತ್ರ್ಯ ಬಂದಿತು. ಕಹಿ ಅನುಭವಿಸಿದ ಮೇಲೂ ಕೃಂಬಿಗಲ್ ಅವರು ಬೆಂಗಳೂರನ್ನು ಬಿಡಲಿಲ್ಲ. 1956ನೆಯ ಫೆಬ್ರವರಿ 8ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಅಲ್ಲಿಯೇ ಕೊನೆಯುಸಿರೆಳೆದರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರು ತೀರಿಕೊಂಡು ಒಂಬತ್ತು ತಿಂಗಳು ತುಂಬುವುದರೊಳಗೆ, ಅದೇ ವರ್ಷ ನವೆಂಬರ್ 1ರಂದು, ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ನಾವು ಈ ಸಂಚಿಕೆಯನ್ನು ಹೊರತರುತ್ತಿರುವುದು ಆ ದಿನದ ನೆನಪಿಗಾಗಿಯೇ ಅಲ್ಲವೆ?

ನಮ್ಮ ಪಾಲಿಗೆ

ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಊರಿನ ಹೊಲದ ಚಿಂತೆ ಬಿಟ್ಟವರು ಕಡಿಮೆ. ಕೆಲವರು ನಿವೃತ್ತಿಯ ಹಣದಿಂದ ಮಾವು, ತೆಂಗು, ಚಿಕ್ಕು ಹಾಕಬೇಕೆನ್ನುತ್ತಾರೆ. ಕೆಲವರು ಗ್ಯಾಲರಿಯ ಕುಂಡದಲ್ಲಿ ಕರಿಬೇವು ನೆಟ್ಟು ತೃಪ್ತರಾಗುತ್ತಾರೆ. ಅವರಿಗೆಲ್ಲ ಕೃಂಬಿಗಲ್ ಅವರ ಜೀವನದಿಂದ ನಾನು ಕಲಿತ ನಾಲ್ಕು ಪ್ರಶ್ನೆಗಳನ್ನು ಹೇಳಿ ಮುಗಿಸುತ್ತೇನೆ. ಗಿಡದ ಸರಿಯಾದ ಹೆಸರೇನು? ಅದು ಯಾವ ತಾಯಿಮರದಿಂದ ಬಂತು? ಅದನ್ನು ಯಾರು, ಎಲ್ಲಿ, ಎಷ್ಟು ಕಾಲ ಬೆಳೆಸಿ ನೋಡಿದ್ದಾರೆ? ಆ ಮಣ್ಣು ಮಳೆ ನಮ್ಮ ಮಣ್ಣು ಮಳೆಗೆ ಹೋಲುತ್ತದೆಯೇ? ಪುಸ್ತಕವಾಗಲಿ, ಮೊಬೈಲಾಗಲಿ, ಮನುಷ್ಯನಾಗಲಿ, ಈ ನಾಲ್ಕಕ್ಕೆ ಉತ್ತರ ಕೊಟ್ಟರೆ ನಂಬಿರಿ; ಕೊಡದಿದ್ದರೆ ನಮಸ್ಕರಿಸಿ ಮುಂದೆ ಹೋಗಿರಿ.

ಉತ್ತರ ಸಿಗುವ ಜಾಗಗಳೂ ಇವೆ. ಬೆಂಗಳೂರಿನ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯುಂಟು. ಅರ್ಕಾ ಎಂದು ಹೆಸರು ಮೊದಲಾಗುವ ತಳಿಗಳು ಅಲ್ಲಿಯವು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆಯದೇ ವಿಶ್ವವಿದ್ಯಾನಿಲಯವಿದೆ. ನಮಗೆ ಹತ್ತಿರದ ಕೊಂಕಣದಲ್ಲಿ ದಾಪೋಲಿಯ ಕೃಷಿ ವಿದ್ಯಾಪೀಠವು 1972ರಿಂದ ಇದೆ. ಮಾವಿನ ಎಳೆಯ ಸಸಿಗೆ ಗೊರಟೆ ಇನ್ನೂ ಕಳಚದಿರುವಾಗಲೇ ಕಸಿ ಕಟ್ಟುವ ಕ್ರಮ ಕೊಂಕಣದಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಮಳೆಗಾಲದ ತೇವದಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ. ಗಿಡದ ಹೆಸರು ತಿಳಿಯಬೇಕಾದವರು ಕೋಟೆ ಭಾಗದ ಸೇಂಟ್ ಝೇವಿಯರ್ ಕಾಲೇಜಿನ ಬ್ಲಾಟರ್ ಹರ್ಬೇರಿಯಮ್ಮನ್ನು ನೆನೆಯಬಹುದು. ಅಲ್ಲಿ ಒಣಗಿಸಿ ಅಂಟಿಸಿದ ಸಸ್ಯಗಳ ದೊಡ್ಡ ಸಂಗ್ರಹವಿದೆ. ಮಕ್ಕಳನ್ನು ಕರೆದುಕೊಂಡು ಭಾಯಖಳದ ರಾಣಿಬಾಗಿಗೆ ಹೋದಾಗ ಹುಲಿಯನ್ನಷ್ಟೇ ತೋರಿಸದೆ ಅಲ್ಲಿಯ ಹಳೆಯ ಮರಗಳನ್ನೂ ತೋರಿಸಿರಿ. ಅದೂ 1862ರಷ್ಟು ಹಿಂದೆಯೇ ಸಸ್ಯೋದ್ಯಾನವಾಗಿ ತೆರೆದ ತೋಟ.

ವಾಶಿಯ ಮಾರುಕಟ್ಟೆಯಲ್ಲಿ ನಮ್ಮ ಕರ್ನಾಟಕದ ಹಣ್ಣನ್ನು ರತ್ನಾಗಿರಿ ಹಾಪೂಸೆಂದು ಮಾರುವವರಿದ್ದಾರೆಂದು ಎಲ್ಲರೂ ಬಲ್ಲರು. ಕೊಂಕಣದ ಹಾಪೂಸಿಗೆ 2018ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲೆ ಅದು ಕಾನೂನಿನ ಪ್ರಶ್ನೆಯೂ ಆಯಿತು. ನಮ್ಮ ಹಣ್ಣು ಇನ್ನೊಬ್ಬರ ಹೆಸರಿನಲ್ಲಿ ಮಾರಾಟವಾದರೆ ಅವರಿಗೂ ಅನ್ಯಾಯ, ನಮಗೂ ಅವಮಾನ. ಧಾರವಾಡದ ಆಪೂಸು ಧಾರವಾಡದ ಆಪೂಸೆಂದೇ ತಲೆಯೆತ್ತಿ ಮಾರಾಟವಾಗಲಿ.

ಕಳೆದ ಜೂನಿನಲ್ಲಿ ಊರಿಗೆ ಹೋಗಿದ್ದೆ. ಸುಳ್ಳಾದ 31 ಮರಗಳನ್ನು ಕಡಿಯುವುದು ಬೇಡವೆಂದು ತಂದೆಯವರು ಹೇಳಿದರು. ಬೆಳೆದ ಮರದ ಕೊಂಬೆಗಳನ್ನು ಕತ್ತರಿಸಿ, ಬಂದ ಹೊಸ ಚಿಗುರಿಗೆ ಒಳ್ಳೆಯ ಮರದ ಕಡ್ಡಿಯನ್ನು ಕಟ್ಟಿ ಜಾತಿ ಬದಲಿಸಬಹುದೆಂದು ಈಗ ಅವರಿಗೆ ತಿಳಿದಿದೆ. ನಮ್ಮ ಹೊಲದಲ್ಲಿಯೇ ಇರುವ 9 ಸತ್ಯವಾದ ಮರಗಳಲ್ಲಿ ಚೆನ್ನಾಗಿ ಕಾಯುವ ಎರಡನ್ನು ಆರಿಸಿ ಸುಣ್ಣದ ಗುರುತು ಹಾಕಿದ್ದಾರೆ. ಈ ಸಲ 6 ಮರಗಳಿಗೆ ಕಡ್ಡಿ ಕಟ್ಟಿಸಿದೆವು. ಯಾವ ಮರದ ಕಡ್ಡಿ, ಯಾವ ಮರಕ್ಕೆ, ಯಾವ ದಿನ, ಕಟ್ಟಿದವರು ಯಾರು ಎಂಬುದನ್ನೆಲ್ಲ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ನಾನೇ ಬರೆದು, ಕೆಳಗೆ ತಂದೆಯವರ ರುಜು ಹಾಕಿಸಿದೆ. ಅವರು ನಕ್ಕರು. ಆರು ವರ್ಷಗಳಲ್ಲಿ ಮೊದಲ ಸಲ ಆ ತೋಟದಲ್ಲಿ ಅವರು ನಕ್ಕದ್ದನ್ನು ಕಂಡೆ. ಹಣ್ಣು ಬಂದಾಗ ಸಂಘದ ಬಂಧುಗಳಿಗೆ ಖಂಡಿತವಾಗಿ ತಂದು ಹಂಚುತ್ತೇನೆ; ಕೇಳಿದವರಿಗೆ ತಾಯಿಮರದ ಹೆಸರನ್ನೂ ಹೇಳುತ್ತೇನೆ.